ಕಾರ್ಖಾನೆಯ ರಾಸಾಯನಿಕ, ತಡವಾಗಿ ಬರುವ ಕಾಯಿಲೆ: ಕಾರ್ಮಿಕರು ತಮ್ಮ ಆರೋಗ್ಯದ ಕಡತವನ್ನು ತಾವೇ ಇಟ್ಟುಕೊಳ್ಳುವ ಬಗೆ

ಮೈಮೇಲೆ ಆಮ್ಲ ಚೆಲ್ಲಿದರೆ ಅದು ಅಪಘಾತವೆಂದು ಕಾರ್ಖಾನೆಯ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ. ಅದೇ ಆಮ್ಲದ ತೊಟ್ಟಿಯಿಂದ ಏಳುವ ಮಂಜನ್ನು ಹದಿನೈದು ವರ್ಷ ಉಸಿರಾಡಿದರೆ ಅದು ಎಲ್ಲಿಯೂ ದಾಖಲಾಗುವುದಿಲ್ಲ. ತಯಾರಿಕಾ ಘಟಕಗಳ ರಾಸಾಯನಿಕಗಳಿಂದಾಗುವ ದೀರ್ಘಕಾಲದ ಹಾನಿಯ ದೊಡ್ಡ ತೊಡಕು ಇದೇ. ಕಾರಣಕ್ಕೂ ಕಾಯಿಲೆಗೂ ನಡುವೆ ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷಗಳ ಅಂತರವಿರುತ್ತದೆ. ಅಷ್ಟರಲ್ಲಿ ಕಾರ್ಮಿಕರು ನಾಲ್ಕು ಕಡೆ ಕೆಲಸ ಬದಲಿಸಿರುತ್ತಾರೆ, ಗುತ್ತಿಗೆದಾರ ಬದಲಾಗಿರುತ್ತಾನೆ, ಒಮ್ಮೊಮ್ಮೆ ಕಾರ್ಖಾನೆಯೇ ಬಾಗಿಲು ಹಾಕಿರುತ್ತದೆ. ಕೊನೆಗೆ ವೈದ್ಯರು "ಯಾವ ರಾಸಾಯನಿಕದ ಜೊತೆ ಕೆಲಸ ಮಾಡುತ್ತಿದ್ದಿರಿ?" ಎಂದು ಕೇಳಿದಾಗ "ಥಿನ್ನರ್" ಎಂಬ ಒಂದು ಮಾತಿನ ಹೊರತು ಹೇಳಲು ಏನೂ ಉಳಿದಿರುವುದಿಲ್ಲ.

ಆದ್ದರಿಂದ ರಾಸಾಯನಿಕಗಳ ನಡುವೆ ದುಡಿಯುವ ಪ್ರತಿಯೊಬ್ಬರೂ, ಕಂಪನಿ ಇಟ್ಟರೂ ಇಡದಿದ್ದರೂ, ತಮ್ಮದೇ ಆದ ಒಂದು ಕಡತವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು. ಆ ಕಡತದಲ್ಲಿ ಏನಿರಬೇಕು, ಯಾವ ಪರೀಕ್ಷೆಯನ್ನು ಯಾವಾಗ ಮಾಡಿಸಬೇಕು, ಆಸ್ಪತ್ರೆಯಲ್ಲಿ ಮತ್ತು ಇಎಸ್‌ಐ ಕಚೇರಿಯಲ್ಲಿ ಅದು ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದನ್ನು ಇಲ್ಲಿ ವಿವರಿಸಿದೆ. ಉದಾಹರಣೆಗಳನ್ನು ಹೆಚ್ಚಾಗಿ ಬೆಂಗಳೂರಿನ ಪೀಣ್ಯದಂತಹ ಪ್ರದೇಶಗಳ ಪ್ಲೇಟಿಂಗ್ (ಲೋಹದ ಲೇಪನ), ಪೇಂಟಿಂಗ್, ಡಿಗ್ರೀಸಿಂಗ್ (ಜಿಡ್ಡು ತೆಗೆಯುವುದು) ಮತ್ತು ಮುದ್ರಣ ಘಟಕಗಳಿಂದ ಆರಿಸಿಕೊಂಡಿದ್ದೇನೆ. ಸುರಕ್ಷತಾ ಅಧಿಕಾರಿಯನ್ನು ನೇಮಿಸಬೇಕೆಂಬ ನಿಯಮ ನೂರಾರು ಕಾರ್ಮಿಕರಿರುವ ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸುವುದರಿಂದ, ಹತ್ತು ಹದಿನೈದು ಜನ ಜಾಬ್ ವರ್ಕ್ ಮಾಡುವ ಶೆಡ್ಡಿನಲ್ಲಿ ಈ ಕೆಲಸ ಕಾರ್ಮಿಕರ ತಲೆಯ ಮೇಲೆಯೇ ಬೀಳುತ್ತದೆ.

ಡಬ್ಬದೊಳಗೆ ಏನಿದೆ ಎಂದು ತಿಳಿಯುವುದು

ಥಿನ್ನರ್, ಕ್ಲೀನರ್, ಹಾರ್ಡ್ನರ್, ಕೂಲಂಟ್ ಇವು ರಾಸಾಯನಿಕಗಳ ಹೆಸರುಗಳಲ್ಲ, ಅವುಗಳನ್ನು ಬಳಸುವ ಕೆಲಸದ ಹೆಸರುಗಳು. ಒಂದೇ ಅಂಗಡಿಯ ಥಿನ್ನರಿನಲ್ಲಿ ಈ ತಿಂಗಳು ಟಾಲ್ವೀನ್ ಹೆಚ್ಚಿರಬಹುದು, ಮುಂದಿನ ತಿಂಗಳು ಬೆಲೆ ಏರಿತೆಂದು ಬೇರೊಂದು ದ್ರಾವಕ ಸೇರಿರಬಹುದು. ಒಳಗಿರುವುದನ್ನು ತಿಳಿಯಲು ಇರುವ ಅಧಿಕೃತ ದಾರಿ ಸುರಕ್ಷತಾ ಮಾಹಿತಿ ಪತ್ರ. ಕಾರ್ಖಾನೆಗಳಲ್ಲಿ ಇದನ್ನು ಎಂಎಸ್‌ಡಿಎಸ್ ಅಥವಾ ಎಸ್‌ಡಿಎಸ್ ಎನ್ನುತ್ತಾರೆ. ಇದರಲ್ಲಿ 16 ಭಾಗಗಳಿರುತ್ತವೆ, ಎಲ್ಲವನ್ನೂ ಓದಬೇಕಾಗಿಲ್ಲ. 2ನೇ ಭಾಗದಲ್ಲಿ ಅಪಾಯಗಳು, 3ನೇ ಭಾಗದಲ್ಲಿ ಒಳಗಿರುವ ಪದಾರ್ಥಗಳು, 8ನೇ ಭಾಗದಲ್ಲಿ ಗಾಳಿಯಲ್ಲಿ ಇರಬಹುದಾದ ಮಿತಿ ಮತ್ತು ತೊಡಬೇಕಾದ ಕೈಗವಸು ಮಾಸ್ಕುಗಳು, 11ನೇ ಭಾಗದಲ್ಲಿ ದೇಹದ ಮೇಲಾಗುವ ಪರಿಣಾಮ. ಈ ನಾಲ್ಕು ಭಾಗಗಳ ನಕಲು ಕಡತದಲ್ಲಿದ್ದರೆ ಸಾಕು.

3ನೇ ಭಾಗದಲ್ಲಿ ಪ್ರತಿ ಪದಾರ್ಥದ ಪಕ್ಕದಲ್ಲಿ ಸಿಎಎಸ್ ಸಂಖ್ಯೆ ಇರುತ್ತದೆ. ವ್ಯಾಪಾರದ ಹೆಸರು ಎಷ್ಟು ಬದಲಾದರೂ ಈ ಸಂಖ್ಯೆ ಬದಲಾಗುವುದಿಲ್ಲ. ಬೆಂಜೀನಿಗೆ 71-43-2, ಟ್ರೈಕ್ಲೋರೋಎಥಿಲೀನಿಗೆ 79-01-6, ಎನ್-ಹೆಕ್ಸೇನಿಗೆ 110-54-3, ಕ್ರೋಮಿಕ್ ಆಮ್ಲವೆಂದು ಕರೆಯುವ ಕ್ರೋಮಿಯಂ ಟ್ರೈಆಕ್ಸೈಡಿಗೆ 1333-82-0. ಇಪ್ಪತ್ತು ವರ್ಷದ ನಂತರ ಕಡತ ನೋಡುವ ವೈದ್ಯರಿಗೆ ಡಬ್ಬದ ಮೇಲಿನ ಬ್ರಾಂಡ್ ಹೆಸರಿಗಿಂತ ಈ ಸಂಖ್ಯೆಯೇ ಹೆಚ್ಚು ಉಪಯುಕ್ತ.

2ನೇ ಭಾಗದಲ್ಲಿ ಎಚ್ ಅಕ್ಷರದಿಂದ ಆರಂಭವಾಗುವ ಸಂಕೇತಗಳಿರುತ್ತವೆ. ಉರಿ, ತುರಿಕೆ, ಬೆಂಕಿಯ ಅಪಾಯ ಎಲ್ಲರ ಕಣ್ಣಿಗೂ ಬೀಳುತ್ತವೆ. ದೀರ್ಘಕಾಲದ ಹಾನಿಗೆ ಸಂಬಂಧಿಸಿದವು ಕೆಲವೇ. ಎಚ್350 ಎಂದರೆ ಕ್ಯಾನ್ಸರ್ ತರಬಲ್ಲದು, ಎಚ್351 ಎಂದರೆ ಕ್ಯಾನ್ಸರ್ ತರುವ ಶಂಕೆಯಿದೆ, ಎಚ್340 ಎಂದರೆ ವಂಶವಾಹಿಗಳಿಗೆ ಹಾನಿ, ಎಚ್360 ಎಂದರೆ ಸಂತಾನಶಕ್ತಿಗೆ ಅಥವಾ ಗರ್ಭದ ಶಿಶುವಿಗೆ ಹಾನಿ, ಎಚ್334 ಎಂದರೆ ಉಸಿರಿನ ಮೂಲಕ ಅಲರ್ಜಿ ಮತ್ತು ಆಸ್ತಮಾ, ಎಚ್372 ಎಂದರೆ ಬಹುಕಾಲದ ಸಂಪರ್ಕದಿಂದ ಅಂಗಾಂಗಗಳಿಗೆ ಹಾನಿ. ಡಬ್ಬದ ಮೇಲೆ ಕೆಂಪು ಅಂಚಿನ ಚೌಕದೊಳಗೆ ಎದೆಯ ಮೇಲೆ ನಕ್ಷತ್ರದಂತೆ ಬಿರುಕು ಬಿಟ್ಟ ಮನುಷ್ಯನ ಕಪ್ಪು ಚಿತ್ರವಿದ್ದರೆ ಸಾಮಾನ್ಯವಾಗಿ ಈ ಗುಂಪಿನ ಯಾವುದೋ ಅಪಾಯ ಅದರಲ್ಲಿದೆ ಎಂದು ಅರ್ಥ.

ದೊಡ್ಡ ಡ್ರಮ್ಮಿನಿಂದ ಹಳೆಯ ನೀರಿನ ಬಾಟಲಿಗೋ ಐದು ಲೀಟರಿನ ಕ್ಯಾನಿಗೋ ಸುರಿದುಕೊಂಡು ಬಳಸುವ ಅಭ್ಯಾಸ ಎಲ್ಲೆಡೆ ಇದೆ, ಅಲ್ಲಿಗೆ ಹೆಸರಿನ ಎಳೆ ಕಡಿದುಹೋಗುತ್ತದೆ. ಸ್ಟೋರಿನಲ್ಲಿರುವ ಮೂಲ ಡ್ರಮ್ಮಿನ ಲೇಬಲ್ ಅನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ದಿನಾಂಕದೊಂದಿಗೆ ಉಳಿಸಿಕೊಳ್ಳಿ. ಒಳಗೆ ಫೋಟೋ ತೆಗೆಯಲು ಅನುಮತಿ ಇಲ್ಲದಿದ್ದರೆ ಲೇಬಲ್ಲಿನ ವಿವರವನ್ನು ಕೈಯಲ್ಲೇ ಬರೆದುಕೊಳ್ಳಿ.

ಕ್ರೋಮ್ ತೊಟ್ಟಿಯ ಬಳಿ

ಪ್ಲೇಟಿಂಗ್ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ನಿಧಾನದ ಹಾನಿ ಹೇಗೆ ನಡೆಯುತ್ತದೆಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಹರಿಯುವ ವಿದ್ಯುತ್ತಿನ ಸಣ್ಣ ಪಾಲು ಮಾತ್ರ ಲೋಹವನ್ನು ಕೂರಿಸುತ್ತದೆ. ಉಳಿದ ಬಹುಪಾಲು ಹೈಡ್ರೋಜನ್ ಗುಳ್ಳೆಗಳನ್ನು ಎಬ್ಬಿಸುವುದಕ್ಕೆ ಹೋಗುತ್ತದೆ. ಮೇಲೆ ಬಂದು ಒಡೆಯುವ ಪ್ರತಿ ಗುಳ್ಳೆಯೂ ಕಣ್ಣಿಗೆ ಕಾಣದಷ್ಟು ಸಣ್ಣ ಆಮ್ಲದ ಹನಿಗಳನ್ನು ಗಾಳಿಗೆ ಚಿಮ್ಮಿಸುತ್ತದೆ. ತೊಟ್ಟಿಯ ಪಕ್ಕದ ಗೋಡೆ, ಬಸ್‌ಬಾರ್, ಮೇಲಿನ ತಗಡು ಹಳದಿಗಂದು ಬಣ್ಣಕ್ಕೆ ತಿರುಗಿದ್ದರೆ ಆ ಹನಿಗಳು ಎಲ್ಲಿಯವರೆಗೆ ತಲುಪುತ್ತಿವೆ ಎಂದು ಅಲ್ಲೇ ಬರೆದಿಟ್ಟಂತೆ. ಅದೇ ಎತ್ತರದಲ್ಲಿ ಕೆಲಸ ಮಾಡುವವರ ಮುಖವೂ ಇರುತ್ತದೆ.

ಈ ಹನಿಗಳಲ್ಲಿರುವುದು ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂ. ಅದು ಮೊದಲು ಮೂಗಿನ ನಡುಗೋಡೆಯನ್ನು ಹಿಡಿಯುತ್ತದೆ. ಆರಂಭದಲ್ಲಿ ಮೂಗಿನೊಳಗೆ ಹಕ್ಕಳೆ ಕಟ್ಟುವುದು, ಆಗಾಗ ಸಣ್ಣದಾಗಿ ರಕ್ತ ಬರುವುದು. ಮುಂದೆ ಹುಣ್ಣಾಗಿ, ಕೊನೆಗೆ ನಡುಗೋಡೆಯಲ್ಲಿ ತೂತೇ ಬೀಳಬಹುದು. ಇದರಲ್ಲಿ ನೋವು ಅಷ್ಟಾಗಿ ಇರುವುದಿಲ್ಲವಾದ್ದರಿಂದ ಎಷ್ಟೋ ಜನರಿಗೆ ತೂತು ಬಿದ್ದಿರುವುದೇ ತಿಳಿದಿರುವುದಿಲ್ಲ. ಉಸಿರೆಳೆದಾಗ ಸಿಳ್ಳೆಯಂತಹ ಸದ್ದು ಬಂದಾಗ ಗೊತ್ತಾಗುವುದೂ ಉಂಟು. ಬೆರಳ ಗೆಣ್ಣುಗಳ ಮೇಲೆ, ಉಗುರಿನ ಬುಡದಲ್ಲಿ ದುಂಡಗೆ, ಆಳವಾಗಿ, ನೋವಿಲ್ಲದೆ ಆಗುವ ಹುಣ್ಣುಗಳೂ ಇದರದೇ ಗುರುತು. ಇವು ಮಾಸಿಹೋಗಬಹುದಾದರೂ ಅಷ್ಟು ಕ್ರೋಮಿಯಂ ಶ್ವಾಸಕೋಶಕ್ಕೂ ಹೋಗುತ್ತಿದೆ ಎಂದು ಅವು ಸೂಚಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾದ ಐಎಆರ್‌ಸಿ ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ 1ನೇ ಗುಂಪಿನಲ್ಲಿ ಇಟ್ಟಿದೆ. ಅದು ತರುವುದು ಮುಖ್ಯವಾಗಿ ಶ್ವಾಸಕೋಶದ ಕ್ಯಾನ್ಸರ್.

ಇದರ ಜೊತೆಗೆ ಚರ್ಮದ ಅಲರ್ಜಿಯೂ ಇದೆ. ಒಮ್ಮೆ ಕ್ರೋಮಿಯಂಗೆ ಅಲರ್ಜಿ ಹುಟ್ಟಿದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಪ್ಲೇಟಿಂಗ್ ಬಿಟ್ಟು ಗಾರೆ ಕೆಲಸಕ್ಕೆ ಹೋದವರಿಗೆ ಕೈ ಮತ್ತೆ ಬಿರಿಯುವುದು ಇದರಿಂದಲೇ. ಸಿಮೆಂಟಿನಲ್ಲಿಯೂ ಅಲ್ಪ ಪ್ರಮಾಣದ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ. ಕೆಲಸ ಬಿಟ್ಟರೆ ಸರಿಹೋಗುತ್ತದೆ ಎಂಬ ನಂಬಿಕೆ ಎಲ್ಲ ಸಂದರ್ಭದಲ್ಲೂ ನಿಜವಲ್ಲ.

ದ್ರಾವಕಗಳು, ಪೇಂಟು, ಸೀಸ

ದ್ರಾವಕಗಳ ವಿಷಯದಲ್ಲಿ ಜನ ತಲೆಸುತ್ತು, ಅಮಲು, ತಲೆನೋವುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಶಿಫ್ಟ್ ಮುಗಿದು ಹೊರಗಿನ ಗಾಳಿಗೆ ಬಂದಾಗ ಅವು ಹೋಗುತ್ತವೆ, ಆದರೆ ಒಳಗಿನ ಹಾನಿ ಬೇರೆಯೇ ಆಗಿ ನಡೆಯುತ್ತಿರುತ್ತದೆ. ಬೆಂಜೀನ್ ಮೂಳೆಯ ಮಜ್ಜೆಯನ್ನು ಹಿಡಿಯುತ್ತದೆ. ರಕ್ತಕಣಗಳು ಕಡಿಮೆಯಾಗುತ್ತಾ ಹೋಗಿ ಅಪ್ಲಾಸ್ಟಿಕ್ ಅನೀಮಿಯಾ ಅಥವಾ ರಕ್ತದ ಕ್ಯಾನ್ಸರ್ ಬರಬಹುದು. ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್ ಮೂತ್ರಪಿಂಡದ ಕ್ಯಾನ್ಸರಿಗೆ ಕಾರಣವೆಂದು ಖಚಿತವಾಗಿದೆ. ಅಮೆರಿಕದ ಪರಿಸರ ಸಂಸ್ಥೆ 2024ರ ಡಿಸೆಂಬರಿನಲ್ಲಿ ಅದನ್ನು ನಿಷೇಧಿಸುವ ಆದೇಶ ಹೊರಡಿಸಿತು. ಈ ದ್ರಾವಕದ ಜೊತೆ ಕೆಲಸ ಮಾಡುವವರು ಮದ್ಯ ಸೇವಿಸಿದಾಗ ಮುಖ, ಕತ್ತು ಕೆಂಪಗೆ ಉರಿದೇಳುವುದುಂಟು. ಅದನ್ನು ಮದ್ಯದ ದೋಷವೆಂದು ಬಿಡಬಾರದು, ದೇಹದೊಳಗೆ ದ್ರಾವಕ ಸೇರಿರುವುದರ ಗುರುತು ಅದು.

ಎನ್-ಹೆಕ್ಸೇನ್ ನರಗಳನ್ನು ಹಿಡಿಯುತ್ತದೆ. ಚೀನಾದ ಸೂಝೌ ನಗರದಲ್ಲಿ ಆ್ಯಪಲ್ ಕಂಪನಿಗೆ ಮೊಬೈಲ್ ಪರದೆ ಪೂರೈಸುತ್ತಿದ್ದ ಕಾರ್ಖಾನೆಯೊಂದರಲ್ಲಿ, ಪರದೆ ಒರೆಸಲು ಆಲ್ಕೋಹಾಲಿನ ಬದಲು ಬೇಗ ಆರುತ್ತದೆಂದು ಎನ್-ಹೆಕ್ಸೇನ್ ಬಳಸಿದ್ದರಿಂದ 137 ಕಾರ್ಮಿಕರು ಅಸ್ವಸ್ಥರಾದರೆಂದು ಆ್ಯಪಲ್ ತನ್ನ 2011ರ ವರದಿಯಲ್ಲಿಯೇ ಒಪ್ಪಿಕೊಂಡಿತು. ಕಾಲ್ಬೆರಳು, ಕೈಬೆರಳುಗಳ ತುದಿಯಲ್ಲಿ ಜೋಮು ಹಿಡಿದಂತಾಗುವುದು ಇದರ ಆರಂಭ. ಆಮೇಲೆ ಗುಂಡಿ ಹಾಕುವುದು, ಮೆಟ್ಟಿಲು ಹತ್ತುವುದು ಕಷ್ಟವಾಗುತ್ತದೆ. ಸಂಪರ್ಕ ನಿಂತ ಮೇಲೂ ಎರಡು ಮೂರು ತಿಂಗಳು ಇದು ಹೆಚ್ಚುತ್ತಲೇ ಹೋಗಬಹುದು, ಹಾಗಾಗಿ ಕೆಲಸ ಬಿಟ್ಟ ಮೇಲೆ ಜಾಸ್ತಿಯಾಯಿತು, ಆದ್ದರಿಂದ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬ ವಾದವನ್ನು ಒಪ್ಪಬೇಕಾಗಿಲ್ಲ.

ಜಪಾನಿನ ಓಸಾಕಾದ ಮುದ್ರಣಾಲಯದ ಪ್ರಕರಣವನ್ನು ಮುದ್ರಣದಲ್ಲಿರುವವರು ತಿಳಿದಿರಬೇಕು. ಆಫ್‌ಸೆಟ್ ಯಂತ್ರದ ಶಾಯಿ ಒರೆಸಲು 1,2-ಡೈಕ್ಲೋರೋಪ್ರೊಪೇನ್ ಬಳಸುತ್ತಿದ್ದ, ಗಾಳಿಯಾಡದ ಆ ಒಂದೇ ಕಡೆ ದುಡಿದ 17 ಜನರಿಗೆ ಪಿತ್ತನಾಳದ ಕ್ಯಾನ್ಸರ್ ಬಂದಿತ್ತು. ಸಾಮಾನ್ಯವಾಗಿ ವಯಸ್ಸಾದವರಲ್ಲಿ ಕಾಣುವ ಈ ಕಾಯಿಲೆ ಅಲ್ಲಿ ಬಂದದ್ದು ಯುವಕರಿಗೂ ನಡುವಯಸ್ಸಿನವರಿಗೂ. ವಿಷಯ ಬೆಳಕಿಗೆ ಬಂದದ್ದು 2012ರಲ್ಲಿ. ಆಗ ಆ ದ್ರಾವಕದ ಮೇಲೆ ಜಪಾನಿನಲ್ಲಿ ವಿಶೇಷ ನಿಯಂತ್ರಣವೇ ಇರಲಿಲ್ಲ, ಐಎಆರ್‌ಸಿ ಅದನ್ನು 1ನೇ ಗುಂಪಿಗೆ ಸೇರಿಸಿದ್ದೂ ಆ ಮೇಲೆಯೇ. ನಿಯಮದ ಪಟ್ಟಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಒಂದು ರಾಸಾಯನಿಕ ನಿರುಪದ್ರವಿ ಎಂದು ನಾನು ನಂಬದಿರುವುದಕ್ಕೆ ಈ ಪ್ರಕರಣವೇ ಕಾರಣ. ಪಟ್ಟಿಯಲ್ಲಿಲ್ಲದ ದ್ರಾವಕದ ಹೆಸರನ್ನೂ ಕಡತದಲ್ಲಿ ಬರೆದಿಡಿ.

ಎರಡು ಡಬ್ಬ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಪೇಂಟಿನ ಹಾರ್ಡ್ನರಿನಲ್ಲಿ ಐಸೋಸಯನೇಟ್ ಇರುತ್ತದೆ. ಇದು ಆಸ್ತಮಾ ತರುತ್ತದೆ; ಒಮ್ಮೆ ದೇಹ ಇದಕ್ಕೆ ಅಲರ್ಜಿಯಾದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸಬಹುದು. ಇದರ ವಾಸನೆ ಮೂಗಿಗೆ ತಿಳಿಯುವ ಹೊತ್ತಿಗೆ ಗಾಳಿಯಲ್ಲಿನ ಪ್ರಮಾಣ ಸುರಕ್ಷಿತ ಮಿತಿಯನ್ನು ಎಂದೋ ದಾಟಿರುತ್ತದೆ. ಬ್ಯಾಟರಿ ಘಟಕಗಳಲ್ಲಿ ಸೀಸ ರಕ್ತ, ನರ, ಮೂತ್ರಪಿಂಡ, ರಕ್ತದೊತ್ತಡ ಎಲ್ಲವನ್ನೂ ಕೆಡಿಸುತ್ತದೆ. ಮೂಳೆಯಲ್ಲಿ ಶೇಖರವಾಗಿ ವರ್ಷಗಟ್ಟಲೆ ನಿಧಾನವಾಗಿ ರಕ್ತಕ್ಕೆ ಮರಳುತ್ತದೆ. ಗರ್ಭದ ಶಿಶುವಿಗೂ ದಾಟುತ್ತದೆ. ಕೆಲಸದ ಬಟ್ಟೆಯ ಮೇಲೆ ಮನೆಗೆ ಬಂದು ಮಕ್ಕಳ ಮೈ ಸೇರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗಿನ ಹೊಗೆಯಲ್ಲಿ ಕ್ರೋಮಿಯಂ ಮತ್ತು ನಿಕಲ್ ಎರಡೂ ಇರುತ್ತವೆ. ಸಿಎನ್‌ಸಿ ಯಂತ್ರಗಳ ಕೂಲಂಟ್ ಮಂಜು ಕೂಡ ಚರ್ಮಕ್ಕೂ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಟಾಲ್ವೀನ್, ಸ್ಟೈರೀನ್‌ಗಳ ಜೊತೆಗೆ ಯಂತ್ರದ ಗದ್ದಲವೂ ಸೇರಿದರೆ ಕಿವಿ ಕೇಳಿಸುವುದು ಬೇಗ ಕಡಿಮೆಯಾಗುತ್ತದೆ.

ಕಡತದಲ್ಲಿ ಏನು ಬರೆಯಬೇಕು

ದಿನಚರಿ ಬರೆಯುವ ಅಗತ್ಯವಿಲ್ಲ, ಬರೆಯಲು ಹೊರಟರೆ ಹದಿನೈದು ದಿನಕ್ಕೆ ನಿಂತುಹೋಗುತ್ತದೆ. ತಿಂಗಳಿಗೆ ಒಂದು ಪುಟ ಸಾಕು. ಯಾವ ವಿಭಾಗ, ಯಾವ ಯಂತ್ರ ಅಥವಾ ತೊಟ್ಟಿ, ಯಾವ ಯಾವ ರಾಸಾಯನಿಕ, ದಿನಕ್ಕೆ ಸುಮಾರು ಎಷ್ಟು ಹೊತ್ತು, ಓಟಿ ಎಷ್ಟು, ಎಕ್ಸಾಸ್ಟ್ ನಡೆಯುತ್ತಿತ್ತೇ, ಯಾವ ಮಾಸ್ಕ್ ಮತ್ತು ಕೈಗವಸು ಕೊಟ್ಟಿದ್ದರು, ಮೈಗೆ ಏನಾದರೂ ಬಾಧೆಯಿತ್ತೇ, ಜೊತೆಯವರಿಗೂ ಅದೇ ಬಾಧೆಯಿತ್ತೇ ಎಂಬುದನ್ನು ಬರೆಯಿರಿ. "ಹೆಲ್ಪರ್" ಎಂದು ಹುದ್ದೆ ಬರೆದರೆ ಏನೂ ತಿಳಿಯುವುದಿಲ್ಲ; "ಹಾರ್ಡ್ ಕ್ರೋಮ್ ತೊಟ್ಟಿಯಲ್ಲಿ ಜಾಬ್ ಇಳಿಸಿ ಎತ್ತುವುದು, ದಿನಕ್ಕೆ ಆರು ಗಂಟೆ, ತೊಟ್ಟಿಯ ಒಂದು ಬದಿಯ ಸಕ್ಷನ್ ಕೆಟ್ಟಿತ್ತು" ಎಂದು ಬರೆದರೆ ಅದು ಸಾಕ್ಷ್ಯವಾಗುತ್ತದೆ.

ಓಟಿಯನ್ನು ಬರೆಯಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಗಾಳಿಯಲ್ಲಿ ಇರಬಹುದಾದ ರಾಸಾಯನಿಕದ ಮಿತಿಗಳಲ್ಲಿ ಹೆಚ್ಚಿನವನ್ನು 8 ಗಂಟೆಯ ದಿನಕ್ಕೆಂದು ನಿಗದಿಪಡಿಸಿರುತ್ತಾರೆ. 12 ಗಂಟೆ ಕೆಲಸ ಮಾಡಿದರೆ ಒಳಗೆ ಹೋಗುವುದು ಹೆಚ್ಚು, ದೇಹ ಅದನ್ನು ಹೊರಹಾಕಲು ಸಿಗುವ ಸಮಯ ಕಡಿಮೆ. ವೃತ್ತಿ ಆರೋಗ್ಯ ತಜ್ಞರು ಬಳಸುವ ಬ್ರೀಫ್-ಸ್ಕಾಲಾ ಸೂತ್ರದ ಪ್ರಕಾರ ಅಂತಹ ಶಿಫ್ಟಿಗೆ ಮಿತಿಯನ್ನು ಅರ್ಧಕ್ಕೆ ಇಳಿಸಬೇಕು. ಒಂದೇ ರೀತಿಯ ಹಾನಿ ಮಾಡುವ ಎರಡು ಮೂರು ದ್ರಾವಕಗಳು ಒಟ್ಟಿಗಿದ್ದರೆ ಪ್ರತಿಯೊಂದೂ ತನ್ನ ಮಿತಿಯ ಎಷ್ಟು ಪಾಲು ಇದೆ ಎಂದು ಕೂಡಿಸಿ ನೋಡಬೇಕು. ಟಾಲ್ವೀನ್ ಮಿತಿಯ ಅರ್ಧದಷ್ಟು, ಕ್ಸೈಲೀನ್ ಮಿತಿಯ ಮುಕ್ಕಾಲಿನಷ್ಟು ಇದ್ದರೆ ಬಿಡಿಬಿಡಿಯಾಗಿ ಎರಡೂ ಸರಿ, ಸೇರಿದರೆ ಮಿತಿ ಮೀರಿದೆ. ಮಿತಿಗಳ ನಡುವೆಯೂ ಅಂತರವಿದೆ. ನಮ್ಮ ಹಿಂದಿನ ಕಾರ್ಖಾನೆಗಳ ಕಾಯ್ದೆಯ ಎರಡನೇ ಅನುಸೂಚಿ ಕ್ರೋಮಿಕ್ ಆಮ್ಲ ಮತ್ತು ಕ್ರೋಮೇಟುಗಳಿಗೆ ಒಂದು ಘನ ಮೀಟರ್ ಗಾಳಿಗೆ 0.05 ಮಿಲಿಗ್ರಾಂ ಎಂದಿದ್ದರೆ, ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯಾದ ಓಷಾ 2006ರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂಗೆ 0.005 ಮಿಲಿಗ್ರಾಂ ಎಂದು ಇಳಿಸಿತು. ಅಳತೆಯ ವರದಿಯಲ್ಲಿ "ಮಿತಿಯೊಳಗಿದೆ" ಎಂದು ಮಾತ್ರ ಬರೆದಿದ್ದರೆ ಅಂಕಿಯನ್ನೇ ಕೇಳಿ ಪಡೆಯಿರಿ.

ಕೆಲಸದ ಪುರಾವೆಗಳನ್ನೂ ಇದೇ ಕಡತದಲ್ಲಿ ಇಡಬೇಕು. ನೇಮಕಾತಿ ಪತ್ರ, ಗುರುತಿನ ಚೀಟಿ, ಪೇಸ್ಲಿಪ್, ಇಎಸ್‌ಐ ವಿಮಾ ಸಂಖ್ಯೆ, ಪಿಎಫ್ ಖಾತೆಯ ಯುಎಎನ್ ಮತ್ತು ಸೇವಾ ಇತಿಹಾಸದ ಪುಟ. ಗುತ್ತಿಗೆ ಕಾರ್ಮಿಕರಿಗೆ ಈ ಕೊನೆಯದು ಬಹಳ ಮುಖ್ಯ, ಏಕೆಂದರೆ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಯಾರು ವಂತಿಗೆ ಕಟ್ಟಿದರು ಎಂಬುದು ಅದರಲ್ಲಿ ಉಳಿದಿರುತ್ತದೆ. ಆದರೆ ಅಲ್ಲಿರುವುದು ಗುತ್ತಿಗೆದಾರನ ಹೆಸರು. ಯಾವ ಕಾರ್ಖಾನೆಯ ಯಾವ ವಿಭಾಗದಲ್ಲಿ ನಿಂತಿದ್ದಿರಿ ಎಂಬುದನ್ನು ನೀವೇ ಪಕ್ಕದಲ್ಲಿ ಬರೆದುಕೊಳ್ಳಬೇಕು.

ಪರೀಕ್ಷೆಗಳು: ಒಂದು ವರ್ಷದ್ದಲ್ಲ, ಹಲವು ವರ್ಷಗಳ ಸಾಲು

ವರ್ಷಕ್ಕೊಮ್ಮೆ ಕಂಪನಿಯಲ್ಲಿ ನಡೆಯುವ ತಪಾಸಣೆಯಲ್ಲಿ ತೂಕ, ಬಿಪಿ, ಸಕ್ಕರೆ ನೋಡಿ "ಫಿಟ್" ಎಂದು ಬರೆಯುವುದು ರೂಢಿ. ಇದರಿಂದ ರಾಸಾಯನಿಕದ ಹಾನಿ ತಿಳಿಯುವುದಿಲ್ಲ. ಯಾವ ರಾಸಾಯನಿಕವೋ ಅದಕ್ಕೆ ತಕ್ಕ ಪರೀಕ್ಷೆ ಆಗಬೇಕು, ಫಲಿತಾಂಶವನ್ನು ಪ್ರಯೋಗಾಲಯದ ಸಾಮಾನ್ಯ ಮಟ್ಟದ ಜೊತೆಗೆ ಮಾತ್ರವಲ್ಲ, ನಿಮ್ಮದೇ ಹಿಂದಿನ ವರ್ಷಗಳ ಅಂಕಿಯ ಜೊತೆಗೂ ಹೋಲಿಸಬೇಕು.

ಬಿಳಿ ರಕ್ತಕಣಗಳ ಸಂಖ್ಯೆ ಮೊದಲ ವರ್ಷ 8,500, ಮೂರನೇ ವರ್ಷ 6,200, ಐದನೇ ವರ್ಷ 4,600 ಎಂದು ಇಟ್ಟುಕೊಳ್ಳಿ. ಮೂರೂ ವರದಿಗಳಲ್ಲಿ "ನಾರ್ಮಲ್" ಎಂದೇ ಇರುತ್ತದೆ. ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟರೆ ಮಾತ್ರ ಇಳಿಯುತ್ತಿರುವುದು ಕಾಣುತ್ತದೆ, ದ್ರಾವಕದ ಕೆಲಸದವರಲ್ಲಿ ಅದು ವೈದ್ಯರನ್ನು ನೋಡಲು ಸಾಕಷ್ಟು ಕಾರಣ. ಶ್ವಾಸಕೋಶದ ಶಕ್ತಿಯನ್ನು ಊದಿಸಿ ಅಳೆಯುವ ಸ್ಪೈರೋಮೆಟ್ರಿಯೂ ಹೀಗೆಯೇ. ಮೊದಲ ಸೆಕೆಂಡಿನಲ್ಲಿ ಊದಿ ಹೊರಹಾಕುವ ಗಾಳಿಯ ಪ್ರಮಾಣ ವಯಸ್ಕರಲ್ಲಿ ವರ್ಷಕ್ಕೆ ಸುಮಾರು 30 ಮಿಲಿಲೀಟರ್ ಕಡಿಮೆಯಾಗುವುದು ಸಹಜ. ಐದು ವರ್ಷದಲ್ಲಿ ಅದು 4.2 ಲೀಟರಿನಿಂದ 3.6ಕ್ಕೆ ಇಳಿದಿದ್ದರೆ ವರದಿ ಇನ್ನೂ ಸಾಮಾನ್ಯ ಮಟ್ಟದೊಳಗೇ ಇರಬಹುದು, ಆದರೆ ಇಳಿತ ಸಹಜವಲ್ಲ. ಈ ಕಾರಣಕ್ಕೇ ಕೆಲಸಕ್ಕೆ ಸೇರುವ ಮೊದಲ ವಾರದಲ್ಲೇ ಒಮ್ಮೆ ರಕ್ತಕಣಗಳ ಎಣಿಕೆ ಮತ್ತು ಸ್ಪೈರೋಮೆಟ್ರಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಸೀಸಕ್ಕೆ ರಕ್ತದ ಸೀಸದ ಪರೀಕ್ಷೆ. ಕ್ರೋಮಿಯಂಗೆ ವಾರದ ಕೊನೆಯ ಶಿಫ್ಟಿನ ಕೊನೆಯಲ್ಲಿ ಮೂತ್ರದ ಪರೀಕ್ಷೆ, ಜೊತೆಗೆ ವೈದ್ಯರು ಮೂಗಿನೊಳಗೆ ಬೆಳಕು ಹಾಯಿಸಿ ನೋಡುವ ತಪಾಸಣೆ. ಇದಕ್ಕೆ ಯಂತ್ರವೂ ಬೇಕಿಲ್ಲ, ಖರ್ಚೂ ಇಲ್ಲ, ಆದರೂ ಮಾಡುವವರು ಕಡಿಮೆ. ಎನ್-ಹೆಕ್ಸೇನಿಗೆ ಮೂತ್ರದಲ್ಲಿ 2,5-ಹೆಕ್ಸೇನ್‌ಡೈಓನ್. ಟಾಲ್ವೀನಿಗೆ ಬಹುಕಾಲದಿಂದ ಮಾಡುತ್ತಾ ಬಂದಿರುವುದು ಮೂತ್ರದ ಹಿಪ್ಯೂರಿಕ್ ಆಮ್ಲದ ಪರೀಕ್ಷೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ತಂಪು ಪಾನೀಯ, ಸಾಸ್, ಅಂಗಡಿಯ ಉಪ್ಪಿನಕಾಯಿ ಕೆಡದಂತೆ ಹಾಕುವ ಸೋಡಿಯಂ ಬೆಂಜೊಯೇಟ್ ಕೂಡ ದೇಹದಲ್ಲಿ ಹಿಪ್ಯೂರಿಕ್ ಆಮ್ಲವೇ ಆಗುತ್ತದೆ. ಪರೀಕ್ಷೆಯ ಹಿಂದಿನ ದಿನದಿಂದ ಅವುಗಳನ್ನು ಬಿಡದಿದ್ದರೆ ಅಂಕಿ ಏರಿ, "ಇದು ಊಟದ್ದು, ಕೆಲಸದ್ದಲ್ಲ" ಎಂದು ವರದಿಯನ್ನೇ ತಳ್ಳಿಹಾಕಲು ದಾರಿಯಾಗುತ್ತದೆ. ದ್ರಾವಕದ ಮಾದರಿಯನ್ನು ಶಿಫ್ಟಿನ ಕೊನೆಯಲ್ಲಿ ಕೊಡಬೇಕು. ವಾರದ ರಜೆ ಮುಗಿಸಿ ಬಂದ ಬೆಳಿಗ್ಗೆ ಕೊಟ್ಟರೆ ದೇಹ ಅದನ್ನು ಹೊರಹಾಕಿ ಆಗಿರುತ್ತದೆ.

ಪೇಂಟ್ ಬೂತಿನವರಿಗೆ ಆಸ್ತಮಾದ ಶಂಕೆಯಿದ್ದರೆ ಮನೆಯಲ್ಲೇ ಮಾಡಬಹುದಾದ ಒಳ್ಳೆಯ ಪರೀಕ್ಷೆಯೊಂದಿದೆ. ಊದಿದ ಗಾಳಿಯ ವೇಗ ಅಳೆಯುವ, ಔಷಧಿ ಅಂಗಡಿಯಲ್ಲಿ ಸಿಗುವ ಪೀಕ್ ಫ್ಲೋ ಮೀಟರ್ ತಂದು, ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಮೂರು ಬಾರಿ ಊದಿ, ಅತಿ ಹೆಚ್ಚಿನ ಅಂಕಿಯನ್ನು ಬರೆದುಕೊಳ್ಳಿ. ನಾಲ್ಕು ವಾರ ಹೀಗೆ ಮಾಡಿ, ರಜೆಯ ದಿನಗಳಲ್ಲೂ ಬಿಡಬೇಡಿ. ಕೆಲಸದ ದಿನಗಳಲ್ಲಿ ಇಳಿದು ರಜೆಯಲ್ಲಿ ಏರುವ ನಕ್ಷೆ ಎದೆರೋಗ ತಜ್ಞರ ಕೈಗೆ ಸಿಕ್ಕರೆ, ಎಷ್ಟೋ ಮಾತಿನಲ್ಲಿ ವಿವರಿಸಲಾಗದ್ದು ಒಂದು ನೋಟಕ್ಕೆ ತಿಳಿಯುತ್ತದೆ.

ಒಳಗೆ ಹೋಗುವುದನ್ನು ಕಡಿಮೆ ಮಾಡುವುದು

ಕೈಗವಸು ಮಾಸ್ಕುಗಳ ಸರದಿ ಕೊನೆಯದು. ಮೊದಲು ಕೇಳಬೇಕಾದದ್ದು ಆ ರಾಸಾಯನಿಕವೇ ಬೇಕೇ ಎಂದು. ಅಲಂಕಾರದ ಕ್ರೋಮ್ ಪ್ಲೇಟಿಂಗಿಗೆ ಕಡಿಮೆ ವಿಷಕಾರಿಯಾದ ಟ್ರೈವೇಲೆಂಟ್ ಕ್ರೋಮ್ ಬಳಕೆಯಲ್ಲಿದೆ. ಜಿಡ್ಡು ತೆಗೆಯಲು ಬಿಸಿನೀರಿನ ಕ್ಷಾರೀಯ ದ್ರಾವಣಗಳಿವೆ. ಆಮೇಲಿನದು ಆವಿಯನ್ನು ಹುಟ್ಟಿದ ಕಡೆಯೇ ಎಳೆದುಕೊಳ್ಳುವ ಎಕ್ಸಾಸ್ಟ್. ಗೋಡೆಯ ಫ್ಯಾನ್ ಸಾಲದು. ಅದು ತೊಟ್ಟಿಯ ಮಂಜನ್ನು ಕೆಲಸಗಾರರ ಮುಖದ ಮೂಲಕವೇ ಎಳೆದುಕೊಂಡು ಹೋಗುವುದೂ ಉಂಟು. ತೊಟ್ಟಿಯ ಅಂಚಿನಲ್ಲಿರುವ ಸಕ್ಷನ್ ಕಂಡಿಯ ಬಳಿ ಹಗುರವಾದ ಪ್ಲಾಸ್ಟಿಕ್ ಪಟ್ಟಿಯನ್ನು ಹಿಡಿದು ನೋಡಿ. ಒಳಕ್ಕೆ ಎಳೆದುಕೊಂಡರೆ ಸರಿ, ನೇತಾಡಿದರೆ ಡಕ್ಟ್ ಕಟ್ಟಿಕೊಂಡಿದೆ ಅಥವಾ ಬೆಲ್ಟ್ ಸಡಿಲವಾಗಿದೆ. ಊದುಬತ್ತಿ ಹಚ್ಚಿ ನೋಡುವ ಅಭ್ಯಾಸ ಕೆಲವು ಕಡೆ ಇದೆ, ದ್ರಾವಕವೋ ಹೈಡ್ರೋಜನ್ನೋ ಇರುವ ಕಡೆ ಅದು ಬೆಂಕಿಯ ಜೊತೆ ಆಟ.

ಉಳಿದವು ಸಣ್ಣ ಅಭ್ಯಾಸಗಳು, ಆದರೆ ವರ್ಷಗಳ ಲೆಕ್ಕದಲ್ಲಿ ಸಣ್ಣವಲ್ಲ. ಥಿನ್ನರ್ ಕ್ಯಾನಿಗೂ ಒರೆಸಿದ ಬಟ್ಟೆಯ ಡಬ್ಬಕ್ಕೂ ಮುಚ್ಚಳವಿರಲಿ. ಥಿನ್ನರಿನಿಂದ ಕೈ ತೊಳೆಯಬೇಡಿ. ಚರ್ಮದ ಎಣ್ಣೆಯಂಶ ಹೋಗಿ ಮುಂದಿನದೆಲ್ಲ ಸುಲಭವಾಗಿ ಒಳಗಿಳಿಯುತ್ತದೆ. ಪುಡಿಯನ್ನು ಏರ್ ಗನ್ನಿನಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ. ಊಟ, ಚಹಾ, ಬೀಡಿ, ಎಲೆಯಡಿಕೆ ಯಾವುದೂ ಕೆಲಸದ ಜಾಗದಲ್ಲಿ ಬೇಡ. ಕೆಲಸದ ಬಟ್ಟೆಯನ್ನು ಅಲ್ಲೇ ಬದಲಿಸಿ, ಮನೆಯವರ ಬಟ್ಟೆಯೊಂದಿಗೆ ಸೇರಿಸದೆ ಒಗೆಯಿರಿ.

ಮಾಸ್ಕಿನ ಬಗ್ಗೆ ಹರಡಿರುವ ತಪ್ಪು ತಿಳಿವಳಿಕೆಯಿಂದ ಹಾನಿಯೇ ಹೆಚ್ಚು. ಬಟ್ಟೆಯ ಮಾಸ್ಕ್, ಸರ್ಜಿಕಲ್ ಮಾಸ್ಕ್, ಎನ್95 ಯಾವುದೂ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಎನ್95 ತಡೆಯುವುದು ಧೂಳು ಮತ್ತು ಸೂಕ್ಷ್ಮ ಹನಿಗಳನ್ನು. ಆವಿಗೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಅದೂ ಸ್ವಲ್ಪ ಕಾಲಕ್ಕೆ ತುಂಬಿಹೋಗುತ್ತದೆ. ಶಿಫ್ಟಿನ ನಂತರ ಗಾಳಿಯಾಡದ ಚೀಲದಲ್ಲಿ ಇಡದೆ ತೂಗುಹಾಕಿದರೆ ರಾತ್ರಿಯಿಡೀ ಅಲ್ಲಿನ ಆವಿಯನ್ನು ಹೀರಿಕೊಂಡು ಬೆಳಿಗ್ಗೆಗೆ ಕೆಲಸಕ್ಕೆ ಬಾರದಂತಾಗುತ್ತದೆ. ಗಡ್ಡವಿದ್ದರೆ ಅಂಚು ಮುಖಕ್ಕೆ ಕೂರುವುದಿಲ್ಲ. ಪಿಯು ಪೇಂಟನ್ನು ಸ್ಪ್ರೇ ಮಾಡುವವರಿಗೆ ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮಾಸ್ಕೇ ಸರಿ. ಆಸ್ಪತ್ರೆಯಲ್ಲಿ ಬಳಸುವಂತಹ ತೆಳ್ಳನೆಯ ನೈಟ್ರೈಲ್ ಕೈಗವಸು ಟಾಲ್ವೀನ್, ಅಸಿಟೋನ್‌ಗಳನ್ನು ಕೆಲವೇ ನಿಮಿಷ ತಡೆಯುತ್ತದೆ, ಆಮೇಲೆ ದ್ರಾವಕವನ್ನು ಚರ್ಮಕ್ಕೆ ಒತ್ತಿ ಹಿಡಿದಂತೆಯೇ. ಯಾವ ಕೈಗವಸು ಎಷ್ಟು ಹೊತ್ತು ಎಂಬುದನ್ನು ಮಾಹಿತಿ ಪತ್ರದ 8ನೇ ಭಾಗದಲ್ಲಿ ನೋಡಿ.

ಕೇಳುವ ಹಕ್ಕು, ಪರಿಹಾರದ ದಾರಿ

ಭೋಪಾಲ ದುರಂತದ ನಂತರ, 1987ರಲ್ಲಿ, 1948ರ ಕಾರ್ಖಾನೆಗಳ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯವೊಂದನ್ನು ಸೇರಿಸಲಾಯಿತು. ಅಪಾಯದ ಮಾಹಿತಿಯನ್ನು ಕಾರ್ಮಿಕರಿಗೆ ತಿಳಿಸುವುದು, ಕೆಲಸಕ್ಕೆ ಸೇರಿಸುವ ಮೊದಲೂ ಆಮೇಲೆ ಹನ್ನೆರಡು ತಿಂಗಳಿಗೆ ಮೀರದಂತೆಯೂ ವೈದ್ಯಕೀಯ ತಪಾಸಣೆ ಮಾಡಿಸುವುದು, ಆರೋಗ್ಯ ದಾಖಲೆಗಳನ್ನು ಇಟ್ಟು ಕಾರ್ಮಿಕರಿಗೆ ನೋಡಲು ಕೊಡುವುದು ಮಾಲೀಕರ ಹೊಣೆ ಎಂದಾದದ್ದು ಆಗ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. ಈ ಹೊಣೆಗಳು ಅದರಲ್ಲೂ ಮುಂದುವರಿದಿವೆ. ದಾಖಲೆಯನ್ನು ಬಾಯಿಮಾತಿನಲ್ಲಿ ಕೇಳದೆ ಎರಡು ಸಾಲಿನ ಅರ್ಜಿ ಬರೆದು, ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಒಬ್ಬರೇ ಕೇಳಲು ಅಳುಕಿದ್ದರೆ ಸಂಘದ ಅಥವಾ ಸುರಕ್ಷತಾ ಸಮಿತಿಯ ಮೂಲಕ ಕೇಳಿಸಿ. ಅಲ್ಲಿಯೂ ಆಗದಿದ್ದರೆ ರಾಜ್ಯದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ದೂರು ಕೊಡಬಹುದು.

ವೈದ್ಯರ ಬಳಿ ಹೋದಾಗ ಕಡತವನ್ನು ಮುಂದಿಟ್ಟು, ನಿಮ್ಮ ಉದ್ಯೋಗ, ರಾಸಾಯನಿಕದ ಹೆಸರು ಮತ್ತು ಎಷ್ಟು ವರ್ಷ ಎಂಬುದನ್ನು ಕೇಸ್ ಶೀಟಿನಲ್ಲಿ ಬರೆಯುವಂತೆ ವಿನಂತಿಸಿ. ಸೀಸ, ಬೆಂಜೀನ್, ಕ್ರೋಮಿಯಂ ಮೊದಲಾದವುಗಳ ವಿಷಬಾಧೆ ಅಧಿಸೂಚಿತ ಕಾಯಿಲೆಗಳ ಪಟ್ಟಿಯಲ್ಲಿದ್ದು, ಕಾರ್ಖಾನೆಯ ಕೆಲಸಗಾರರಲ್ಲಿ ಅವನ್ನು ಕಂಡ ವೈದ್ಯರು ಸರ್ಕಾರಕ್ಕೆ ವರದಿ ಮಾಡಲೇಬೇಕು. ಸಾಮಾನ್ಯ ಆಸ್ಪತ್ರೆಗಳಲ್ಲಿ ಇದು ಎಲ್ಲರಿಗೂ ನೆನಪಿರುವುದಿಲ್ಲ. ಎಎಫ್‌ಐಎಚ್ ಎಂಬ ಕೈಗಾರಿಕಾ ಆರೋಗ್ಯದ ತರಬೇತಿ ಪಡೆದ ವೈದ್ಯರು ಸಿಕ್ಕರೆ ಒಳ್ಳೆಯದು. ದೇವನಹಳ್ಳಿಯ ಬಳಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದಕ್ಷಿಣ ವಲಯದ ಔದ್ಯೋಗಿಕ ಆರೋಗ್ಯ ಕೇಂದ್ರವಿದೆ. ಸೀಸದ ವಿಷಯದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯಲ್ಲಿ ಬಹುಕಾಲದ ಕೆಲಸ ನಡೆದಿದೆ.

ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೆ, ಅಂದರೆ ಸೇರುವಾಗ ತಿಂಗಳ ವೇತನ 21,000 ರೂಪಾಯಿ ಮೀರದವರಿಗೆ, ಪಟ್ಟಿಯಲ್ಲಿರುವ ವೃತ್ತಿ ಕಾಯಿಲೆ ಬಂದರೆ ಅದನ್ನು ಕೆಲಸದಲ್ಲಾದ ಗಾಯದಂತೆಯೇ ಪರಿಗಣಿಸುತ್ತಾರೆ. ತಾತ್ಕಾಲಿಕವಾಗಿ ದುಡಿಯಲಾಗದ ಅವಧಿಗೆ ವೇತನದ ಶೇ. 90ರಷ್ಟು ಸಿಗುತ್ತದೆ, ಶಾಶ್ವತ ನಷ್ಟವಾಗಿದ್ದರೆ ಗಳಿಕೆಯ ಶಕ್ತಿ ಎಷ್ಟು ಕುಗ್ಗಿದೆ ಎಂಬುದನ್ನು ವೈದ್ಯಕೀಯ ಮಂಡಳಿ ನಿರ್ಧರಿಸಿ, ಅದಕ್ಕೆ ತಕ್ಕ ಮಾಸಿಕ ಹಣ ಬರುತ್ತದೆ. ಇಎಸ್‌ಐ ಇಲ್ಲದವರಿಗೆ 1923ರಿಂದ ಇದ್ದ ನೌಕರರ ಪರಿಹಾರ ಕಾಯ್ದೆಯ ದಾರಿ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಹಳೆಯ ಕಾಯ್ದೆಯಲ್ಲಿ ಹಲವು ಕಾಯಿಲೆಗಳಿಗೆ ಆರು ತಿಂಗಳ ನಿರಂತರ ಸೇವೆಯ ಷರತ್ತಿತ್ತು. ಕೆಲಸ ಬಿಟ್ಟು ಎರಡು ವರ್ಷದೊಳಗೆ ಲಕ್ಷಣ ಕಂಡರೆ, ಕಂಡ ದಿನವನ್ನೇ ಅಪಘಾತದ ದಿನವೆಂದು ಎಣಿಸುತ್ತಿದ್ದರು. ಇಪ್ಪತ್ತು ವರ್ಷದ ಮೇಲೆ ಬರುವ ಕ್ಯಾನ್ಸರಿಗೆ ಎರಡು ವರ್ಷದ ಈ ಗಡುವು ಯಾವ ಲೆಕ್ಕಕ್ಕೂ ಸಾಲದೆಂಬುದು ನನ್ನ ಅಭಿಪ್ರಾಯ. ಆದರೂ ಅರ್ಜಿ ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ವಿಚಾರಣೆಗೆ ತೆಗೆದುಕೊಳ್ಳಲು ಅವಕಾಶವಿತ್ತು. ಆದ್ದರಿಂದ ಕಾಯಿಲೆ ಕೆಲಸದಿಂದ ಬಂದದ್ದೆಂದು ವೈದ್ಯರು ಮೊದಲ ಬಾರಿ ಬರೆದುಕೊಟ್ಟ ಚೀಟಿಯನ್ನು, ಅದರ ದಿನಾಂಕದ ಸಮೇತ, ಕಡತದ ಮೊದಲ ಪುಟವಾಗಿ ಇಡಿ.

ಕೆಲಸ ಬಿಡುವ ದಿನ ಸೇವಾ ಪ್ರಮಾಣಪತ್ರದೊಂದಿಗೆ ನಿಮ್ಮ ವೈದ್ಯಕೀಯ ದಾಖಲೆಗಳ ಪ್ರತಿಯನ್ನೂ ಕೇಳಿ ಪಡೆಯಿರಿ. ಕಡತದ ಒಂದು ಪ್ರತಿಯನ್ನು ಸ್ಕ್ಯಾನ್ ಮಾಡಿ ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ, ಅದು ಎಲ್ಲಿದೆಯೆಂದು ಅವರಿಗೆ ತಿಳಿದಿರಲಿ. ಕ್ರೋಮಿಯಂ, ಬೆಂಜೀನ್‌ನಂತಹವುಗಳ ಜೊತೆ ವರ್ಷಗಟ್ಟಲೆ ದುಡಿದವರು ಕೆಲಸ ಬಿಟ್ಟ ಮೇಲೂ ವಾರ್ಷಿಕ ತಪಾಸಣೆಯನ್ನು ನಿಲ್ಲಿಸಬಾರದು, ಹೋದಾಗಲೆಲ್ಲ ಕಡತವನ್ನು ಜೊತೆಗೆ ಒಯ್ಯಬೇಕು.